ಗಂಟಿನ ಸುತ್ತಲಿನ ಅರಳೆ

ಗಿಣಿಗೇರಾದಿಂದ ಕೊಪ್ಪಳಕ್ಕೆ ಬಸ್ಸಿನಲ್ಲಿ ಹೆಚ್ಚೆಂದರೆ ಅರ್ಧ ತಾಸು. ಆ ಅರ್ಧ ತಾಸಿನಲ್ಲಿ ಗೌಸಬೀ ಒಂದು ನಿದ್ದೆ ತೆಗೆಯುತ್ತಾಳೆ. ಸೀಟು ಸಿಕ್ಕರೆ ಕಿಟಕಿಗೆ ತಲೆಯಿಟ್ಟು, ಸಿಗದಿದ್ದರೆ ಕಂಬಿ ಹಿಡಿದು ನಿಂತಲ್ಲೇ. ಫ್ಯಾಕ್ಟರಿಯ ಪಾಳಿ ಮುಗಿಸಿ ಬಂದ ಮಂದಿ ಎರಡೂ ಕಡೆಯಿಂದ ಒತ್ತುತ್ತಿದ್ದರೂ ಅವಳ ಕಣ್ಣು ಮುಚ್ಚಿಯೇ ಇರುತ್ತದೆ. ಕಂಡಕ್ಟರನಿಗೆ ಇದು ರೂಢಿಯಾಗಿದೆ. "ಅಕ್ಕಾರ, ಕೊಪ್ಪಳ ಬಂತ್ರಿ, ಏಳ್ರಿ" ಎಂದು ಅವನು ಕೂಗಿದ ಮೇಲೆಯೇ ಅವಳು ಚೀಲವನ್ನು ಹೆಗಲಿಗೇರಿಸಿ ಇಳಿಯುವುದು. ಮನೆಯಲ್ಲಿ ನಿದ್ದೆ ಬರುವುದಿಲ್ಲವೇ ಎಂದು ಯಾರಾದರೂ ಕೇಳಿದರೆ, "ಬರತೈತ್ರಿ, ಆದ್ರ ಸಾಲೂದಿಲ್ಲ" ಎನ್ನುತ್ತಾಳೆ.

ಅವಳಿಗೀಗ ಐವತ್ತೆಂಟು. ಕೊಪ್ಪಳದ ಒಂದು ಖಾಸಗಿ ಲ್ಯಾಬಿನಲ್ಲಿ ಮೂವತ್ತು ವರ್ಷಗಳಿಂದ ಒಂದೇ ಕೆಲಸ. ಊರೂರಿನ ದವಾಖಾನೆಗಳಿಂದ ಡಬ್ಬಿಗಳು ಬರುತ್ತವೆ. ಡಬ್ಬಿಯೊಳಗೆ ಔಷಧದ ನೀರು, ನೀರಿನೊಳಗೆ ಯಾರದೋ ಮೈಯಿಂದ ತೆಗೆದ ಒಂದು ಚೂರು. ಅದನ್ನು ಮೇಣದಲ್ಲಿ ಹುಗಿದು, ಮೇಣ ಬಿಗಿದ ಮೇಲೆ ಚಕ್ರದ ಯಂತ್ರಕ್ಕೆ ಸಿಕ್ಕಿಸಿ ತಿರುಗಿಸಬೇಕು. ಕೂದಲಿಗಿಂತಲೂ ತೆಳ್ಳಗಿನ ಪದರು ಅಲಗಿನಿಂದ ಹೊರಬರುತ್ತದೆ. ಬೆಚ್ಚನೆಯ ನೀರಿನ ಮೇಲೆ ತೇಲಿಬಿಟ್ಟು, ಗಾಜಿನ ಪಟ್ಟಿಯ ಮೇಲೆ ಹಿಡಿದು, ಬಣ್ಣ ಹಾಕಿ, ಡಾಕ್ಟರ ಟೇಬಲ್ಲಿಗೆ ಇಡಬೇಕು. ಅಲ್ಲಿಗೆ ಅವಳ ಕೆಲಸ ಮುಗಿಯಿತು. ರೋಗ ಇದೆಯೋ ಇಲ್ಲವೋ ಎನ್ನುವವರು ಡಾಕ್ಟರು. ರೋಗಿಗೆ ಗೌಸಬೀ ಎಂಬೊಬ್ಬಳು ಇದ್ದಾಳೆ ಎನ್ನುವುದೂ ಗೊತ್ತಿರುವುದಿಲ್ಲ. ಅದರ ಬಗ್ಗೆ ಅವಳಿಗೆ ಬೇಜಾರೂ ಇಲ್ಲ, ಬೇಜಾರು ಮಾಡಿಕೊಳ್ಳಲು ಪುರುಸೊತ್ತು ಎಲ್ಲಿದೆ?

ಹುಟ್ಟಿದ್ದು ಯಲಬುರ್ಗಾದ ಪಿಂಜಾರರ ಮನೆಯಲ್ಲಿ. ತಂದೆ ಅಬ್ದುಲಸಾಬ ಹತ್ತಿ ಹಿಂಜುವ ಬಿಲ್ಲು ಹೊತ್ತು ಊರೂರು ತಿರುಗಿ ಹಳೇ ಗಾದಿ ಬಿಚ್ಚಿ, ಅರಳೆ ಹಿಂಜಿ, ಮತ್ತೆ ತುಂಬಿ ಹೊಲಿದುಕೊಡುತ್ತಿದ್ದ. ಮನೆಮಾತು ಕನ್ನಡ, ನಮಾಜು ಅರಬ್ಬಿಯಲ್ಲಿ, ಸಿಟ್ಟು ಬಂದರೆ ಒಂದಿಷ್ಟು ಉರ್ದು. ಗೌಸಬೀಗೆ ಹದಿನಾರಾದಾಗ ತಾಯಿ ತೀರಿಕೊಂಡಳು. ತಂಗಿ ಜೈನಾಬೀಗೆ ಆಗ ಐದು ವರ್ಷ. ಅವತ್ತಿನಿಂದ ತಂಗಿಯ ತಲೆ ಬಾಚುವುದು, ಸಾಲಿಗೆ ಕಳಿಸುವುದು, ಜ್ವರ ಬಂದರೆ ಮಗ್ಗುಲಲ್ಲಿ ಕೂರುವುದು ಎಲ್ಲ ಅಕ್ಕನ ಪಾಲಿಗೆ. ಗೌಸಬೀಗೂ ಮದುವೆಯಾಯಿತು, ಆರು ವರ್ಷಕ್ಕೆ ಗಂಡ ತೀರಿಕೊಂಡ, ಮಕ್ಕಳಾಗಿರಲಿಲ್ಲ. ಗಿಣಿಗೇರಾದಲ್ಲಿದ್ದ ಅವನ ಎರಡು ಖೋಲಿಯ ಮನೆ ಉಳಿಯಿತು. ಅಲ್ಲಿಂದಲೇ ತಂಗಿಯನ್ನು ಓದಿಸಿದಳು, ಮದುವೆ ಮಾಡಿದಳು, ಎರಡೂ ಬಾಣಂತನ ಮಾಡಿದಳು, ಕೊನೆಗೆ ತಂದೆಯ ಹಾಸಿಗೆಯ ಬಳಿ ಏಳು ತಿಂಗಳು ಕುಳಿತಳು. ನಡುವೆ ಲ್ಯಾಬು ತಪ್ಪಿಸಿದ ದಿನಗಳನ್ನು ಬೆರಳಲ್ಲಿ ಎಣಿಸಬಹುದು.

ಒಂದು ವಿಷಯಕ್ಕೆ ಮಾತ್ರ ತಂಗಿ ಅವಳನ್ನು ಬಿಡದೆ ಕಾಡುತ್ತಿದ್ದಳು. ಗೌಸಬೀ ಮಲಗುವ ಗಾದಿ ಅಪ್ಪ ಕೊನೆಯದಾಗಿ ಹೊಲಿದದ್ದು. ಹದಿನೆಂಟು ವರ್ಷವಾಗಿತ್ತು, ಒಮ್ಮೆಯೂ ಬಿಚ್ಚಿರಲಿಲ್ಲ. ಅರಳೆ ಅಲ್ಲಲ್ಲಿ ಗಂಟುಕಟ್ಟಿ, ನಡುವೆ ಹೊಂಡ ಬಿದ್ದಿತ್ತು. "ಪಿಂಜಾರ ಮನಿ ಮಗಳು ಕಲ್ಲಿನ ಮ್ಯಾಲೆ ಮಲಗತಾಳ ಅಂತ ಮಂದಿಗೆ ಹೇಳಲೇನು?" ಎನ್ನುತ್ತಿದ್ದಳು ಜೈನಾಬೀ. ಅವಳ ಗಂಡ ತಾಹೇರನದು ಯಲಬುರ್ಗಾದಲ್ಲಿ ಗಾದಿ ಅಂಗಡಿ. ಬಿಲ್ಲಿನ ಬದಲು ಹಿಂಜುವ ಮಷೀನು ಬಂದಿದೆ, ಆದರೆ ಕೈಯಿಂದ ಹೊಲಿಯುವ ಕೆಲಸವೆಲ್ಲ ಇಂದಿಗೂ ಜೈನಾಬೀಯದೇ. "ಕಳಸ್ತೀನಿ ತಗೋ, ಪುರುಸೊತ್ತಾಗ್ಲಿ" ಎಂದು ಅಕ್ಕ ಹೇಳುತ್ತಲೇ ಇದ್ದಳು. ಪುರುಸೊತ್ತು ಆಗಲಿಲ್ಲ.

ಲ್ಯಾಬಿನ ಡಾಕ್ಟರು ದಾನೇಶ್ವರಿ ಗಂಗಾವತಿಯವರು, ಇನ್ನೂ ನಲವತ್ತು ದಾಟಿಲ್ಲ. ಮೈಕ್ರೋಸ್ಕೋಪಿಗೆ ಕಣ್ಣು ಹಚ್ಚಿ ಕುಳಿತರೆ ಚಹಾ ಆರಿ ಕೆನೆಗಟ್ಟಿದರೂ ಏಳುವವರಲ್ಲ. ಕಳೆದ ವರ್ಷ ಅವರಿಗೆ ಆಶಾ ಕಾರ್ಯಕರ್ತೆಯರ ಮುಂದೆ ಕನ್ನಡದಲ್ಲಿ ಮಾತನಾಡುವ ಪ್ರಸಂಗ ಬಂತು.

"ಗೌಸಕ್ಕ, ಸ್ಟ್ರೋಮಾ ಅಂತೀವಲ್ಲ, ಅದಕ್ಕ ಕನ್ನಡದಾಗ ಏನಂತ ಹೇಳ್ಲಿ? ಪುಸ್ತಕದಾಗಿನ ಶಬ್ದ ಹೇಳಿದ್ರ ಅವರು ಆಕಳಸ್ತಾರ."

ಸ್ಟ್ರೋಮಾ ಏನೆಂಬುದು ಗೌಸಬೀಗೆ ಗೊತ್ತಿಲ್ಲದ್ದಲ್ಲ. ಯಾವ ಅಂಗದ ಚೂರನ್ನೇ ಬಣ್ಣ ಹಾಕಿ ನೋಡಿ, ಕೆಲಸ ಮಾಡುವ ಜೀವಕೋಶಗಳು ನೇರಳೆಯಾಗಿ ಗುಂಪುಗುಂಪಾಗಿ ಕಾಣುತ್ತವೆ. ಅವುಗಳ ಸುತ್ತ ಗುಲಾಬಿ ಬಣ್ಣದ ಎಳೆಗಳ ಹಾಸು. ಆ ಎಳೆಗಳನ್ನು ನೇಯುವ ಉದ್ದುದ್ದ ಜೀವಕೋಶಗಳು ಅಲ್ಲೊಂದು ಇಲ್ಲೊಂದು ಸುಮ್ಮನೆ ಮಲಗಿರುತ್ತವೆ. ಹಾಲು ಮಾಡುವುದು, ರಸ ಸುರಿಸುವುದು ಅವುಗಳ ಕೆಲಸವಲ್ಲ. ಹಿಡಿದುಕೊಳ್ಳುವುದು, ಗಾಯವಾದರೆ ಹೊಲಿಯುವುದು, ಯಾರು ಎಲ್ಲಿರಬೇಕೆಂದು ಅಕ್ಕಪಕ್ಕದ ಜೀವಕೋಶಗಳಿಗೆ ಸುದ್ದಿ ಮುಟ್ಟಿಸುವುದು, ಇಷ್ಟೇ.

"ಆಸರಿ ಅನ್ರಿ ಮೇಡಮ್ಮರ," ಎಂದಳು ಗೌಸಬೀ.

"ಆಸರಿಕಿ?" ದಾನೇಶ್ವರಿ ನಕ್ಕರು. ಈ ಸೀಮೆಯಲ್ಲಿ ಆಸರಿ ಎಂದರೆ ಆಸರೆ, ಆಸರಿಕಿ ಎಂದರೆ ದಣಿವು, ಗಂಟಲೊಣಗುವಷ್ಟು ದಣಿವು.

"ಎರಡೂ ಒಂದ ಮನ್ಯಾಗಿನವು ಬಿಡ್ರಿ. ಆಸರಿ ಆದಾಕಿಗೆ ಆಸರಿಕಿ ಬರೂದ."

ಡಾಕ್ಟರು ಅದನ್ನು ಚೀಟಿಯಲ್ಲಿ ಬರೆದುಕೊಂಡರು. ಭಾಷಣದಲ್ಲಿ ಹೇಳಿದರಂತೆ, ಹೆಂಗಸರೆಲ್ಲ ತಲೆಯಾಡಿಸಿದರಂತೆ.

ಈ ಮಾರ್ಚಿನಲ್ಲಿ ಜೈನಾಬೀಯ ಎಡಗಡೆ ಎದೆಯಲ್ಲಿ ಗಂಟು ಕಂಡಿತು. ಕಂಡದ್ದು ಅವಳಿಗೇ. ಗಾದಿ ಒತ್ತಿ ಒತ್ತಿ ಗಂಟು ಹುಡುಕುವ ಕೈ ಅದು, ತನ್ನ ಮೈಯಲ್ಲಿರುವುದು ಸಿಗದೆ ಇದ್ದೀತೇ? ಸಿಕ್ಕಿ ಎರಡು ತಿಂಗಳು ಯಾರಿಗೂ ಹೇಳಲಿಲ್ಲ. ಹೇಳಿದ ಮಾರನೆಯ ದಿನವೇ ಅಕ್ಕ ಅವಳನ್ನು ಕೊಪ್ಪಳಕ್ಕೆ ಕರೆಸಿ, ಸ್ಕ್ಯಾನ್ ಮಾಡಿಸಿ, ಸೂಜಿ ಹಾಕಿ ಚೂರು ತೆಗೆಸಿದಳು. ಸೂಜಿ ಎಂದರೆ ಜೈನಾಬೀಗೆ ಹಿಡಿಸದು. ದಿನವಿಡೀ ಗೇಣುದ್ದದ ಸೂಜಿಯಿಂದ ಗಾದಿ ಹೊಲಿಯುವವಳು ಅವತ್ತು ಅಕ್ಕನ ಮುಂಗೈಯನ್ನು ಉಗುರಿಳಿಯುವ ಹಾಗೆ ಹಿಡಿದುಕೊಂಡಿದ್ದಳು.

ಡಬ್ಬಿ ಸೋಮವಾರ ಲ್ಯಾಬಿಗೆ ಬಂತು. ಶಾವಿಗೆ ಎಳೆಯಂಥ ನಾಲ್ಕು ಬಿಳಿ ತುಣುಕು. ಡಬ್ಬಿಯ ಮೇಲೆ ನಂಬರು ಇರುತ್ತದೆ, ನಂಬರಿಗೆ ಮುಖ ಇರುವುದಿಲ್ಲ. ಆ ಡಬ್ಬಿಗೆ ಇತ್ತು. ಬೇರೆಯವರ ಕೈಗೆ ಕೊಡಬಹುದಿತ್ತು, ಆದರೆ ಲ್ಯಾಬಿನಲ್ಲಿ ಈ ಕೆಲಸಕ್ಕೆ ಬೇರೆಯವರು ಇರಲಿಲ್ಲ. ಬುಧವಾರ ಮೇಣದ ತುಂಡನ್ನು ಯಂತ್ರಕ್ಕೆ ಸಿಕ್ಕಿಸಿ ಚಕ್ರ ತಿರುಗಿಸಿದಳು. ಅಲಗು ಕರಕರ ಎಂದಿತು.

ಎದೆಯ ಕೊಬ್ಬು ಮೆತ್ತಗಿರುತ್ತದೆ, ಅಲಗಿಗೆ ಜಾರುತ್ತದೆ. ಇದು ಮರಳು ಬಿದ್ದ ರೊಟ್ಟಿ ಹಲ್ಲಿಗೆ ಸಿಕ್ಕಂತೆ ಕರಕರ ಅಂದಿತು. ಮೂವತ್ತು ವರ್ಷದಲ್ಲಿ ಆ ಸಪ್ಪಳವನ್ನು ಅವಳ ಕೈ ಎಷ್ಟು ಸಾರಿ ಕೇಳಿದೆಯೋ. ಕೇಳಿದಾಗ ಒಳ್ಳೆಯ ಸುದ್ದಿ ಬಂದದ್ದು ಕಡಿಮೆ. ಕೈ ಒಂದು ಗಳಿಗೆ ನಿಂತಿತು. ಆಮೇಲೆ ಮತ್ತೆ ತಿರುಗಿಸಿದಳು, ಏನೂ ಕೇಳಿಸಿಲ್ಲವೆಂಬಂತೆ.

ಗುರುವಾರ ಸಂಜೆ ರಿಪೋರ್ಟು ಬಂತು. ಕಳಿಸಿದ ತುಣುಕುಗಳಲ್ಲಿ ಕ್ಯಾನ್ಸರಿನ ಕೋಶ ಕಂಡುಬಂದಿಲ್ಲ ಎಂದಿತ್ತು. ಕೊನೆಯಲ್ಲಿ ಒಂದು ಸಾಲು: ಸ್ಟ್ರೋಮಾ ದಟ್ಟವಾಗಿದೆ, ಚುರುಕಾಗಿದೆ, ಸ್ಕ್ಯಾನಿನೊಂದಿಗೆ ಹೋಲಿಸಿ ನೋಡಿ, ಅನುಮಾನವಿದ್ದರೆ ಮತ್ತೊಮ್ಮೆ ಚೂರು ತೆಗೆಯುವುದು ಒಳ್ಳೆಯದು.

ಆ ಸಾಲನ್ನು ಗೌಸಬೀ ಓದಲಿಲ್ಲ ಎಂದರೆ ಸುಳ್ಳಾಗುತ್ತದೆ. ಓದಿದಳು. ಓದಿ ಬಸ್ಸು ಹತ್ತಿದಳು. ಸೀಟು ಸಿಕ್ಕಿತ್ತು, ಕಣ್ಣು ಎಳೆಯುತ್ತಿದ್ದವು, ಅಷ್ಟರಲ್ಲಿ ಫೋನು ಬಂತು.

"ಏನಂತ ಬಂತಕ್ಕ?" ಎಂದಳು ಜೈನಾಬೀ.

"ಏನೂ ಇಲ್ಲವಾ. ಆರಾಮಿರು."

ಅಷ್ಟೇ. ಸಿಕ್ಕಿಲ್ಲ ಅನ್ನಬೇಕಿತ್ತು, ಇಲ್ಲ ಅಂದಳು. ಎರಡರ ನಡುವೆ ಎಷ್ಟು ಅಂತರವಿದೆ ಎಂಬುದು ಲ್ಯಾಬಿನ ಕಸ ಗುಡಿಸುವವಳಿಗೂ ಗೊತ್ತಿರುವ ಮಾತು. ಆದರೆ ಆ ಹೊತ್ತಿಗೆ ಅವಳಿಗೆ ತಂಗಿಯ ಮೈಯಲ್ಲಿ ಏನೂ ಇರಬಾರದಾಗಿತ್ತು. ಇದ್ದರೆ ಮತ್ತೆ ದವಾಖಾನೆ, ಮತ್ತೆ ಹಾಸಿಗೆಯ ಪಕ್ಕದ ಕುರ್ಚಿ, ಮತ್ತೆ ಎಲ್ಲರಿಗೂ ಧೈರ್ಯ ಹೇಳುವ ಕೆಲಸ. ಅದನ್ನೆಲ್ಲ ಹೊರುವ ತ್ರಾಣ ತನ್ನಲ್ಲಿ ಉಳಿದಿಲ್ಲ ಅನ್ನಿಸಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ, ತನಗೂ ಸರಿಯಾಗಿ ಹೇಳಿಕೊಂಡಿರಲಿಲ್ಲ.

ಯಲಬುರ್ಗಾದಲ್ಲಿ ಶುಕ್ರವಾರ ತಾಹೇರ ದರ್ಗಾಕ್ಕೆ ಹೋಗಿ ಸಕ್ಕರೆಗೆ ಫಾತೆಹಾ ಓದಿಸಿದ. ಓಣಿಗೆಲ್ಲ ಹಂಚಿದರು. ಅಕ್ಕನ ಪಾಲಿನದನ್ನು ಕಾಗದದಲ್ಲಿ ಕಟ್ಟಿ, ಬಸ್ಸಿನ ಡ್ರೈವರ ಕೈಯಲ್ಲಿ ಕೊಪ್ಪಳಕ್ಕೆ ಕಳಿಸಿದರು. ಶನಿವಾರ ಆ ಪೊಟ್ಟಣ ಲ್ಯಾಬಿನ ಟೇಬಲ್ ಮೇಲೆ ಬಂದು ಕುಳಿತಿತು. ಗೌಸಬೀ ಚಿಟಿಕೆ ಬಾಯಿಗೆ ಹಾಕಿಕೊಂಡಳು.

ಪೊಟ್ಟಣವನ್ನು ಹಾಗೆಯೇ ಮಡಚಿಟ್ಟು, ಕಪಾಟಿನಿಂದ ಆ ಗಾಜಿನ ಪಟ್ಟಿ ತೆಗೆದು ದಾನೇಶ್ವರಿಯವರ ಮುಂದೆ ನಿಂತಳು.

"ಮೇಡಮ್ಮರ, ಇದನ್ನ ಇನ್ನೊಮ್ಮೆ ನೋಡ್ರಿ. ನಮ್ಮ ಜೈನಾದು. ಕೊಯ್ಯೂವಾಗ ಭಾಳ ಕರಕರ ಅಂತು. ನಾ ನಿಮಗ ಹೇಳಲಿಲ್ಲ."

ಡಾಕ್ಟರು ಬೈಯಲಿಲ್ಲ. ನೋಡಿದರು, ಬಹಳ ಹೊತ್ತು ನೋಡಿದರು. ಜೋಡಿ ಕಣ್ಣಿನ ಮೈಕ್ರೋಸ್ಕೋಪು ಅದು, ಇನ್ನೊಂದು ಕಡೆಯಿಂದ ಗೌಸಬೀಗೂ ನೋಡಲು ಹೇಳಿದರು. ಎಲ್ಲ ಗುಲಾಬಿ. ಆದರೆ ಆ ಗುಲಾಬಿಯಲ್ಲಿ ಸಮಾಧಾನವಿರಲಿಲ್ಲ. ಎಳೆಗಳು ಸುಳಿಸುಳಿಯಾಗಿ ತಿರುಗಿಕೊಂಡಿದ್ದವು. ನಡುವಿನ ಉದ್ದ ಕೋಶಗಳು ಊದಿಕೊಂಡಿದ್ದವು, ಎಣಿಕೆಗೆ ಮೀರಿ ಹೆಚ್ಚಾಗಿದ್ದವು.

"ನಾನೂ ಇದನ್ನ ನೋಡೇ ಆ ಕಡೀ ಸಾಲು ಬರದಿದ್ದೆ," ಎಂದರು ದಾನೇಶ್ವರಿ. "ಗಾಯ ಆದ್ರ ಇವು ಬಂದು ಹೊಲೀತಾವ. ಹೊಲದ ಮ್ಯಾಲೆ ಸುಮ್ಮನಾಗಬೇಕು. ಇವು ಸುಮ್ಮನಾಗಿಲ್ಲ ನೋಡ್ರಿ. ಹಗಲೂ ರಾತ್ರಿ ಹೊಲಿಯಾಕ ಹತ್ತ್ಯಾವ. ಏನೋ ಒಂದು ಇವಕ್ಕ ಸುಮ್ಮನಿರಾಕ ಬಿಡವಲ್ಲದು."

"ಅದು ಏನಂತ ಕಾಣವಲ್ದು."

"ಈ ತುಣಕಿನ್ಯಾಗ ಕಾಣವಲ್ದು. ಇಲ್ಲದೇನೂ ಇರಬೌದು ಗೌಸಕ್ಕ, ಹಳೇ ಪೆಟ್ಟಿಗೂ ಹಿಂಗಾಗತೈತಿ. ಆದ್ರ ಒಳಗ ಕೆಟ್ಟದ್ದು ಕುಂತಿದ್ರೂ ಸುತ್ತ ಹಿಂಗ ಆಗತೈತಿ. ಮೊದಮೊದಲ ಇವು ಅದನ್ನ ಕಟ್ಟಿ ಹಾಕಾಕ ನೋಡ್ತಾವ. ಹೊಲದು ಹೊಲದು ಸಾಕಾದ ಮ್ಯಾಲೆ ಅದರ ಮಾತ ಕೇಳಾಕ ಹತ್ತತಾವ, ಅದಕ್ಕ ಅನ್ನಾ ನೀರಾ ಕೊಟ್ಟು ಸಾಕತಾವ."

ಗೌಸಬೀ ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆದಳು. ಆಸರಿಗೆ ಆಸರಿಕಿ ಬಂದರೆ ಹೀಗೂ ಆಗುತ್ತದೆಯೇ ಎಂದು ಅವಳು ಮನಸ್ಸಿನಲ್ಲೇ ಅಂದುಕೊಂಡಳು. ಗುರುವಾರ ಬಸ್ಸಿನಲ್ಲಿ ಆಡಿದ ಮಾತು ನೆನಪಾಗಿ ನಾಚಿಕೆಯಾಯಿತು.

ಇನ್ನೂ ಆಳಕ್ಕೆ ಕೊಯ್ದು ನೋಡೋಣ ಎಂದರು ಡಾಕ್ಟರು. ಅವತ್ತಿಡೀ ಅವಳು ಅದೇ ಮೇಣದ ತುಂಡನ್ನು ಕೊಯ್ದಳು. ಒಂದೊಂದು ಪದರನ್ನೂ ನೀರಿಗೆ ಬಿಟ್ಟು, ಹಿಡಿದು, ಬಣ್ಣ ಹಾಕಿ ಒಯ್ದು ಇಟ್ಟಳು. ಮೂವತ್ತಾಯಿತು, ನಲವತ್ತಾಯಿತು. ಎಲ್ಲ ಗುಲಾಬಿ, ಎಲ್ಲ ಸುಳಿ. ತುಣುಕು ತೀರುತ್ತ ಬಂತು. ಇನ್ನು ಕೊಯ್ದರೆ ಬರೀ ಮೇಣ ಉಳಿಯುತ್ತದೆ ಎಂದಾಗ ದಾನೇಶ್ವರಿ ಅವಳ ಕೈ ಹಿಡಿದು ನಿಲ್ಲಿಸಿದರು.

"ಇದರಾಗ ಸಿಗೂದಿಲ್ಲ. ಮತ್ತೊಮ್ಮೆ ಚೂರು ತಗೀಬೇಕು. ನೀವೇ ಹೇಳಬೇಕು ಅವರಿಗೆ."

ಭಾನುವಾರ ಗೌಸಬೀ ಯಲಬುರ್ಗಾದ ಬಸ್ಸು ಹತ್ತಿದಳು. ಎರಡೂ ಕಡೆ ಕಪ್ಪು ಹೊಲ, ಬಿಸಿಲು. ದಾರಿಯುದ್ದಕ್ಕೂ ಮಾತು ಜೋಡಿಸಿದಳು, ಜೋಡಿಸಿದ್ದನ್ನು ಕೆಡವಿದಳು. ಯಾವ ಬಾಯಿಂದ ಇಲ್ಲ ಎಂದಳೋ ಅದೇ ಬಾಯಿಂದ ಇರಬಹುದು ಎನ್ನಬೇಕು. ತಂಗಿ ಒಪ್ಪದಿದ್ದರೆ ಆ ಗಂಟು ಅಲ್ಲಿಯೇ ಕೂತು ಬೆಳೆಯುತ್ತದೆ. ಅದಕ್ಕೆ ಕಾರಣ ತಾನಾಡಿದ ಮಾತೊಂದೇ. ಹೆದರಿಕೆಯಾಯಿತು ಅವಳಿಗೆ, ಅಪ್ಪ ಸತ್ತಾಗಲೂ ಆಗದಷ್ಟು.

ಅಂಗಡಿಯ ಹಿಂದಿನ ಪಡಸಾಲೆಯಲ್ಲಿ ಜೈನಾಬೀ ಯಾರದೋ ಹಳೇ ಗಾದಿ ಬಿಚ್ಚಿ ಹರಡಿಕೊಂಡು ಕುಳಿತಿದ್ದಳು. ಅಕ್ಕನನ್ನು ಕಂಡು ಮುಖ ಅರಳಿತು. "ಗಾದಿ ತರ್ತಿ ಅಂದ್ರ ಬರೇ ಕೈಲೆ ಬಂದೀ?" ಎಂದಳು. ತಾಹೇರ ಮಷೀನು ನಿಲ್ಲಿಸಿ, ಮೈಮೇಲಿನ ಅರಳೆ ಕೊಡವಿಕೊಂಡು ಬಂದು ಕುಳಿತ. ಚಹಾ ಬಂತು. ಚಹಾ ಮುಗಿದ ಮೇಲೆ ಗೌಸಬೀ ಒಂದೇ ಉಸಿರಿಗೆ ಹೇಳಿಬಿಟ್ಟಳು, ಇನ್ನೊಮ್ಮೆ ಸೂಜಿ ಹಾಕಿಸಬೇಕು ಎಂದು.

ಜೈನಾಬೀಯ ಕೈ ಅರಳೆಯೊಳಗೇ ನಿಂತಿತು. ತಾಹೇರನ ಮುಖ ಬಿಗಿಯಿತು.

"ಏನಂತೀರಿ ಅಕ್ಕಾರ? ಇಲ್ಲ ಅಂದ್ರಿ. ಓದಿಸಿದ ಸಕ್ಕರಿ ಇನ್ನೂ ಡಬ್ಬ್ಯಾಗ ಐತಿ. ಮಂದಿ ಬಂದು ಛಲೋ ಆತು ಅಂತ ಹೇಳಿ ಹೋಗ್ಯಾರ. ಈಗ ಮತ್ತ ಚುಚ್ಚಸೂದಂದ್ರ? ಸುಮ್ಮನಿದ್ದ ಗಂಟು ಚುಚ್ಚಿದ್ರ ಕೆರಳತೈತಿ ಅಂತಾರ."

"ಹಂಗ ಕೆರಳೂದಿಲ್ರಿ ತಾಹೇರ. ಡಾಕ್ಟರನ್ನ ಕೇಳೇ ಬಂದೀನಿ."

"ಒಮ್ಮೆ ಚುಚ್ಚಿ ನೋಡ್ಯಾರಲ್ಲ. ಇಲ್ಲದ್ದನ್ನ ಎಷ್ಟ ಸಾರಿ ಹುಡಕ್ತೀರಿ?"

ಅವನದೇನೂ ತಪ್ಪಲ್ಲ. ಹೆಂಡತಿಯ ಮೇಲಿನ ಜೀವ ಅವನನ್ನು ಹಾಗೆ ಮಾತನಾಡಿಸುತ್ತಿತ್ತು. ಜೈನಾಬೀ ಇಬ್ಬರ ಕಡೆಗೂ ನೋಡದೆ ಮತ್ತೆ ಅರಳೆಗೆ ಕೈ ಹಾಕಿದಳು. ಒಂದು ಗಂಟು ಸಿಕ್ಕಿತು, ನಿಂಬೆಹಣ್ಣಿನಷ್ಟು. ತಾಹೇರ ಅದನ್ನು ಅವಳ ಕೈಯಿಂದ ಕಿತ್ತುಕೊಂಡು, ಅಂಚಿನಿಂದ ಒಂದು ಎಳೆ ಎಳೆದು ಅಕ್ಕನ ಮುಂದೆ ಹಿಡಿದ.

"ಇದೂ ಗಂಟ ಐತಿ ನೋಡ್ರಿ. ಏನೈತಿ ಒಳಗ? ಬರೇ ಅರಳಿ. ಎಲ್ಲಾ ಗಂಟಿನ್ಯಾಗೂ ಏನರ ಇರಬೇಕಂತ ಐತೇನು?"

"ಬದಿಗೆ ಹರದ್ರ ಏನ್ ಕಾಣತೈತಿ?" ಎಂದಳು ಜೈನಾಬೀ. ಅಭ್ಯಾಸದ ಮಾತು ಅದು. ಕೆಲಸ ಕೆಡಿಸುವವರಿಗೆ ದಿನವೂ ಹೇಳುವಂಥದ್ದು. "ಕೊಡ್ರಿ ಇಲ್ಲೆ. ಅರಳಿ ಸುಮ್ಮಸುಮ್ಮನ ಗಂಟ ಕಟ್ಟೂದಿಲ್ಲ, ನಮ್ಮಪ್ಪ ಹೇಳ್ತಿದ್ದ. ನಡುವ ಹರೀಬೇಕು."

ಎರಡೂ ಹೆಬ್ಬೆರಳು ಇಟ್ಟು ನಟ್ಟನಡುವೆ ಹರಿದಳು. ಗಂಟು ಬಿಗಿಯಾಗಿತ್ತು, ಎರಡು ಸಾರಿ ಎಳೆಯಬೇಕಾಯಿತು. ಒಳಗೆ ಕಪ್ಪಗೆ ಕೊಳೆತ ಒಂದು ಹತ್ತಿಕಾಳು ಇತ್ತು. ಕೆಲಸದ ಗುಂಗಿನಲ್ಲಿ ಅದನ್ನು ಉಗುರಿನಿಂದ ಕಿತ್ತು ಬದಿಗಿಟ್ಟಳು. ಕಾಳನ್ನು ನೋಡಿದಳು, ಆಮೇಲೆ ಅಕ್ಕನನ್ನು ನೋಡಿದಳು.

ತಾಹೇರ ಆ ಕಾಳನ್ನು ಎತ್ತಿ ಅಂಗೈಯಲ್ಲಿ ಹೊರಳಿಸಿದ.

"ಹಂಗಾರ ಅವತ್ತಿನ ಸೂಜಿ ಬದಿಗೆ ಬಿದ್ದೈತಿ?" ಎಂದಳು ಜೈನಾಬೀ ಮೆಲ್ಲಗೆ.

"ಬಿದ್ದಿರಬೌದು. ಸಿಕ್ಕಿದ್ದೆಲ್ಲಾ ಸುತ್ತಲಿನ ಅರಳಿ. ಆ ಅರಳಿ ಭಾಳ ಬಿಗಿ ಆಗೈತಿ ಜೈನಾ. ಕೊಯ್ಯೂವಾಗ ನನ್ನ ಕೈಗೆ ಗೊತ್ತಾತು."

"ಗೊತ್ತಾಗಿ ಇಲ್ಲ ಅಂದ್ಯಲ್ಲ?"

ಕೇಳಿದ್ದು ಸಿಟ್ಟಿನಿಂದಲ್ಲ. ಸಿಟ್ಟಿನಿಂದ ಕೇಳಿದ್ದರೆ ಗೌಸಬೀ ಏನಾದರೂ ಸಮಜಾಯಿಷಿ ಹೇಳಿ ಉಳಿದುಕೊಳ್ಳುತ್ತಿದ್ದಳು.

"ಸಿಕ್ಕಿಲ್ಲ ಅನಬೇಕಿತ್ತು. ಇಲ್ಲ ಅಂದೆ. ನನಗ ಆಸರಿಕಿ ಆಗಿತ್ತು ಜೈನಾ. ಅವ್ವನ್ನ ನೋಡಿದೆ, ನಮ್ಮ ಮನಿಯವರನ್ನ ನೋಡಿದೆ, ಅಪ್ಪನ್ನ ನೋಡಿದೆ. ಇನ್ನ ನಿನ್ನೂ ನೋಡೂದು ನನ್ನ ಕೈಲೆ ಆಗೂದಿಲ್ಲ ಅನಸ್ತು. ಅದಕ್ಕ ಇಲ್ಲ ಅಂದುಬಿಟ್ಟೆ. ತಪ್ಪಾತು."

ಐವತ್ತೆಂಟು ವರ್ಷದಲ್ಲಿ ತನಗೆ ಸಾಕಾಗಿದೆ ಎಂದು ಅವಳು ಇನ್ನೊಬ್ಬರ ಮುಂದೆ ಹೇಳಿದ್ದು ಅದೇ ಮೊದಲು. ಜೈನಾಬೀ ಎದ್ದು ಹೋಗಿ ತಂಬಿಗೆಯಲ್ಲಿ ನೀರು ತಂದಳು. ಕುಡಿಯುವವರೆಗೆ ಎದುರಿಗೇ ನಿಂತಳು.

"ಯಾವತ್ತ ಬರ್ಲಿ ಕೊಪ್ಪಳಕ್ಕ?" ಎಂದಳು. ತಾಹೇರ ಏನೋ ಹೇಳಲು ಹೋದಾಗ, "ನೀವೂ ಬರ್ರಿ, ಅಕ್ಕನ ಕೈ ಆವತ್ತ ಉಗರಲೆ ಕಿತ್ತು ಹಾಕೀನಿ. ಈ ಸಾರಿ ನಿಮ್ಮ ಕೈ ಹಿಡಕೋತೀನಿ" ಎಂದಳು.

ಮಂಗಳವಾರ ಮತ್ತೆ ಸೂಜಿ ಹಾಕಿದರು, ಈ ಸಲ ಸ್ಕ್ಯಾನಿನ ಪರದೆಯಲ್ಲಿ ಗಂಟಿನ ನಡುವನ್ನು ನೋಡಿಕೊಂಡು. ಮತ್ತೆ ಡಬ್ಬಿ ಬಂತು. ಮತ್ತೆ ಮೇಣ, ಮತ್ತೆ ಚಕ್ರ, ಮತ್ತೆ ಅದೇ ಕರಕರ. ಗೌಸಬೀ ಈ ಬಾರಿ ಕೈ ನಿಲ್ಲಿಸಲಿಲ್ಲ. ಹಾಳಾದ ಪದರನ್ನು ಎಸೆದು ಹೊಸದು ತೆಗೆದಳು, ಸುಕ್ಕು ಬೀಳದಂತೆ ನೀರಿನ ಮೇಲೆ ಬಿಡಿಸಿದಳು. ಗಾಜಿನ ಪಟ್ಟಿ ಡಾಕ್ಟರ ಮುಂದೆ ಇಟ್ಟು ಬಾಗಿಲ ಬಳಿ ಗೋಡೆಗೊರಗಿ ನಿಂತಳು.

ದಾನೇಶ್ವರಿ ತಲೆಯೆತ್ತಿದರು. ಬರ್ರಿ ಎಂದು ಕೈಯಾಡಿಸಿದರು. ಗುಲಾಬಿ ಸುಳಿಗಳ ನಟ್ಟನಡುವೆ, ಒತ್ತಿ ಹಿಡಿದಂತೆ, ನೇರಳೆ ಬಣ್ಣದ ನಾಲ್ಕಾರು ಗುಂಪುಗಳು ಕುಳಿತಿದ್ದವು.

"ಐತಿ ಗೌಸಕ್ಕ. ಆದ್ರ ಗಂಟ ಸಣ್ಣದೈತಿ. ಬಗಲಾಗಿನ ಗಡ್ಡಿ ಸ್ಕ್ಯಾನಿನ್ಯಾಗ ಸ್ವಚ್ಛ ಅದಾವ, ಅಲ್ಲಿ ತನಕ ಹರಡಿದಂಗಿಲ್ಲ. ಲಗೂನ ಸಿಕ್ಕೈತಿ."

ಗೌಸಬೀ ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತಳು. ಎದುರಿನ ರಸ್ತೆಯಲ್ಲಿ ಬಸ್ಸುಗಳು ಹಾರ್ನ್ ಹೊಡೆಯುತ್ತಿದ್ದವು. ಅತ್ತಳು. ಸೆರಗಿನಿಂದ ಮುಖ ಒರೆಸಿಕೊಂಡು ಫೋನು ಹಚ್ಚಿದಳು. ಆ ಕಡೆ ಮಷೀನಿನ ಸಪ್ಪಳ ಕೇಳಿತು, ಆಮೇಲೆ ನಿಂತಿತು.

"ಸಿಕ್ಕೈತಿ ಜೈನಾ," ಎಂದಳು.

"ಕಾಳು?"

"ಹ್ಞೂಂ."

"ಸಣ್ಣದೋ, ದೊಡ್ಡದೋ?"

"ಸಣ್ಣದು. ತಗಸೂದು ಐತಿ, ಆಮ್ಯಾಲೆ ಔಷಧ ಭಾಳ ದಿನಾ ತಗೋಬೇಕಾಗತೈತಿ. ಸುಳ್ಳ ಹೇಳೂದಿಲ್ಲ ನಿನಗ."

"ತಗಸೋಣ ತಗೋ." ಜೈನಾಬೀ ಮೂಗೆಳೆದುಕೊಂಡಳು. ಅಳುತ್ತಿದ್ದಳೋ, ಅರಳೆಯ ದೂಳೋ, ಗೌಸಬೀಗೆ ತಿಳಿಯಲಿಲ್ಲ. "ಆಪರೇಶನ್ ಯಾವತ್ತ ಅಂದ್ರ?"

"ಮುಂದಿನ ವಾರ ಆಗಬೌದು."

"ಹಂಗಾರ ಭಾನುವಾರ ನಿನ್ನ ಗಾದಿ ತಗೊಂಡ ಬಾ. ನನ್ನ ಕೈ ಆಮ್ಯಾಲೆ ಎಷ್ಟ ದಿನಾ ಎತ್ತಾಕ ಬರೂದಿಲ್ಲೋ ಏನೋ. ಹೋಗೂದ್ರಾಗ ಬಿಚ್ಚಿ ಹಿಂಜಿ ಹೊಲದು ಕೊಡ್ತೀನಿ. ನನ್ನ ನೋಡಿಕೊಳ್ಳಾಕಿ ನೀ ಒಬ್ಬಾಕಿ ಅಲ್ಲ, ಮನ್ಯಾಗ ಇನ್ನೂ ಮಂದಿ ಅದಾರ. ನೀ ಮೊದಲ ನಿದ್ದಿ ಮಾಡು."

ಅವತ್ತು ಸಂಜೆ ಬಸ್ಸಿನಲ್ಲಿ ಗೌಸಬೀ ಮಲಗಲಿಲ್ಲ. ಗಿಣಿಗೇರಾ ಬಂದಾಗ ಎಬ್ಬಿಸಲು ಹಿಂದೆ ತಿರುಗಿದ ಕಂಡಕ್ಟರ ಅವಳ ಕಣ್ಣು ತೆರೆದಿದ್ದನ್ನು ಕಂಡು ಸುಮ್ಮನಾದ.

ಭಾನುವಾರ ಬೆಳಿಗ್ಗೆ ಅವಳು ಗಾದಿಯನ್ನು ಸುರುಳಿ ಸುತ್ತಿ, ಹಗ್ಗ ಕಟ್ಟಿ, ತಲೆಯ ಮೇಲೆ ಹೊತ್ತು ಹೊರಟಳು. ಹದಿನೆಂಟು ವರ್ಷದ ಭಾರ ಅದು, ಬಸ್ ಸ್ಟಾಪಿನ ತನಕ ಎರಡು ಕಡೆ ಇಳಿಸಿ ದಣಿವಾರಿಸಿಕೊಳ್ಳಬೇಕಾಯಿತು. ಕೊಪ್ಪಳದಲ್ಲಿ ಇಳಿದು ಯಲಬುರ್ಗಾದ ಬಸ್ಸಿಗೆ ಬಂದಾಗ ಅಲ್ಲಿಯ ಕಂಡಕ್ಟರ ಬಾಗಿಲಲ್ಲೇ ಅಡ್ಡ ನಿಂತ.

"ಇದೇನ್ರಿ ಅಕ್ಕಾರ, ಇಷ್ಟ ದೊಡ್ಡದು?"

"ಗಾದಿ ಐತಪ್ಪಾ," ಎಂದಳು ಗೌಸಬೀ. "ಗಂಟ ಕಟ್ಟೈತಿ. ನನ್ನ ತಂಗಿ ಬಿಚ್ಚಿ ನೋಡ್ತೀನಿ ಅಂದಾಳ."